ಅಧಿಕ ರಕ್ತದೊತ್ತಡ: ಸರಿಯಾಗಿ ಅಳೆಯುವುದರಿಂದ ಹತೋಟಿಗೆ ತರುವವರೆಗೆ

ವೈದ್ಯರ ಕೋಣೆಯಲ್ಲಿ 158/96 ಎಂದು ಬಂದ ರಕ್ತದೊತ್ತಡ ಅದೇ ಸಂಜೆ ಮನೆಯಲ್ಲಿ ಅಳೆದಾಗ 136/84 ಆಗಿದ್ದರೆ ಯಾವುದನ್ನು ನಂಬಬೇಕು? ತಮಗೆ ಬಿಪಿ ಇದೆಯೆಂದು ಹೊಸದಾಗಿ ತಿಳಿದವರು ಮೊದಲು ಎಡವುವುದು ಇಲ್ಲಿಯೇ. ಕೆಲವರು ಕಡಿಮೆ ಬಂದದ್ದನ್ನು ನಂಬಿ ನಿಶ್ಚಿಂತರಾಗುತ್ತಾರೆ. ಇನ್ನು ಕೆಲವರು ಹೆಚ್ಚು ಬಂದದ್ದನ್ನು ಕಂಡು ಗಾಬರಿಯಾಗಿ ದಿನಕ್ಕೆ ಹತ್ತು ಸಲ ಅಳೆಯತೊಡಗುತ್ತಾರೆ. ಎರಡೂ ಅಂಕಿಗಳು ಆಯಾ ಹೊತ್ತಿಗೆ ನಿಜವೇ ಇರಬಹುದು. ಆದರೆ ಒಂದೇ ಅಂಕಿಯನ್ನು ಹಿಡಿದುಕೊಂಡು ಮಾತ್ರೆ ಆರಂಭಿಸುವುದೂ ಸರಿಯಲ್ಲ, ಬೇಡವೆಂದು ಬಿಡುವುದೂ ಸರಿಯಲ್ಲ. ಈ ಬರಹದಲ್ಲಿ ಅಳತೆಗೆ ಕೊಂಚ ಹೆಚ್ಚೇ ಜಾಗ ಸಿಕ್ಕಿರುವುದಕ್ಕೆ ಇದೇ ಕಾರಣ: ಅಳತೆ ತಪ್ಪಿದರೆ ಅದನ್ನು ನಂಬಿ ನಿರ್ಧರಿಸಿದ ಮಾತ್ರೆಯ ಪ್ರಮಾಣವೂ ತಪ್ಪುತ್ತದೆ, ನಮ್ಮ ನೆಮ್ಮದಿಯೂ ಹುಸಿಯಾಗುತ್ತದೆ.

ಮೊದಲ ಹೆಜ್ಜೆ: ಅಂಕಿಗಳನ್ನು ಓದಲು ಕಲಿಯುವುದು

ಹೃದಯ ಸಂಕುಚಿಸಿ ರಕ್ತವನ್ನು ಹೊರಕ್ಕೆ ತಳ್ಳಿದಾಗ ಅಪಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡವೇ ಮೇಲಿನ ಅಂಕಿ, ಅಂದರೆ ಸಿಸ್ಟಾಲಿಕ್. ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ, ಅಂದರೆ ಡಯಾಸ್ಟಾಲಿಕ್. ಇವನ್ನು ಪಾದರಸದ ಮಿಲಿಮೀಟರ್‌ಗಳಲ್ಲಿ ಹೇಳುವುದು ಹಳೆಯ ರೂಢಿ. 1896ರಲ್ಲಿ ಇಟಲಿಯ ವೈದ್ಯ ರಿವಾ-ರೋಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ಬಳಕೆಗೆ ತಂದರು. 1905ರಲ್ಲಿ ರಷ್ಯಾದ ಶಸ್ತ್ರವೈದ್ಯ ಕೊರೊಟ್ಕೊಫ್, ಪಟ್ಟಿಯ ಗಾಳಿ ಇಳಿಯುವಾಗ ಸ್ಟೆತಸ್ಕೋಪಿನಲ್ಲಿ ಕೇಳಿಬರುವ ಸದ್ದುಗಳಿಂದ ಎರಡೂ ಅಂಕಿಗಳನ್ನು ಗುರುತಿಸುವ ವಿಧಾನವನ್ನು ವಿವರಿಸಿದರು. ಪಾದರಸದ ಕೊಳವೆಗಳು ಬಹುತೇಕ ಮರೆಯಾಗಿ ಬ್ಯಾಟರಿಯ ಉಪಕರಣಗಳು ಬಂದಿವೆಯಾದರೂ ಅಳತೆಯ ಮಾನ ಮಾತ್ರ ಬದಲಾಗಿಲ್ಲ.

ಚಿಕಿತ್ಸಾಲಯದಲ್ಲಿ ಬೇರೆ ಬೇರೆ ದಿನ ಅಳೆದಾಗಲೂ ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಐರೋಪ್ಯ ವೈದ್ಯಸಂಘಗಳೂ ಪರಿಗಣಿಸುತ್ತವೆ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಎರಡರಲ್ಲಿ ಯಾವುದೋ ಒಂದು ಅಂಕಿ ಗೆರೆ ದಾಟಿದರೂ ಸಾಕು, ಎರಡೂ ದಾಟಬೇಕೆಂದಿಲ್ಲ. ಮನೆಯಲ್ಲಿ ಅಳೆದ ಸರಾಸರಿಗೆ ಗೆರೆ ಇನ್ನೂ ಕೊಂಚ ಕೆಳಗೆ, 135/85. ಗೆರೆ ಎಲ್ಲಿದ್ದರೂ ಒಂದು ಮಾತು ನೆನಪಿರಲಿ: ಇಲ್ಲಿ ಅಪಾಯ ಹಠಾತ್ತನೆ ಶುರುವಾಗುವಂಥದ್ದಲ್ಲ, ಇಳಿಜಾರಿನಂತೆ ಹಂತಹಂತವಾಗಿ ಏರುವಂಥದ್ದು. ನಲವತ್ತರಿಂದ ಎಪ್ಪತ್ತರ ನಡುವಿನ ವಯಸ್ಸಿನಲ್ಲಿ ಮೇಲಿನ ಅಂಕಿ 115ರಿಂದ ಮೇಲಕ್ಕೆ ಪ್ರತಿ 20 ಏರಿದಂತೆ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸಾಯುವ ಸಂಭವ ಸುಮಾರು ಇಮ್ಮಡಿಯಾಗುತ್ತ ಹೋಗುತ್ತದೆಂದು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2002ರ ವಿಶ್ಲೇಷಣೆ ತೋರಿಸಿತು. ಹಾಗಾಗಿ 139 ಬಂದವರು ಸುರಕ್ಷಿತರು, 141 ಬಂದವರು ರೋಗಿಗಳು ಎಂದು ಭಾವಿಸುವುದರಲ್ಲಿ ಅರ್ಥವಿಲ್ಲ.

"ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಬಿಪಿ ಹೇಗೆ ಇರುತ್ತದೆ?" ಎಂಬ ಪ್ರಶ್ನೆ ಬಹಳ ಸಾಮಾನ್ಯ. ಅಧಿಕ ರಕ್ತದೊತ್ತಡವಿರುವ ಹೆಚ್ಚಿನವರಿಗೆ ವರ್ಷಗಟ್ಟಲೆ ಏನೂ ಅನಿಸುವುದಿಲ್ಲ. ಆ ಅವಧಿಯಲ್ಲಿ ಹೆಚ್ಚಿದ ಒತ್ತಡದ ವಿರುದ್ಧ ದುಡಿದು ಹೃದಯದ ಎಡಕೋಣೆಯ ಗೋಡೆ ದಪ್ಪಗಾಗುತ್ತಿರುತ್ತದೆ. ಮೂತ್ರಪಿಂಡ, ಕಣ್ಣು ಮತ್ತು ಮೆದುಳಿನ ಸಣ್ಣ ರಕ್ತನಾಳಗಳು ಪೆಡಸಾಗುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 140 ಕೋಟಿ ಜನರಿಗೆ ಈ ತೊಂದರೆಯಿದೆ, ಮತ್ತು ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ತಮಗಿದೆಯೆಂಬುದೇ ಗೊತ್ತಿಲ್ಲ.

ಎರಡನೆಯ ಹೆಜ್ಜೆ: ಅಳೆಯುವುದು

ಮನೆಗೆ ತರುವ ಉಪಕರಣ ಮೇಲ್ತೋಳಿಗೆ ಸುತ್ತುವಂಥದ್ದಾಗಿರಲಿ. ಮಣಿಕಟ್ಟಿಗೆ ಕಟ್ಟುವವು ಕೈಯನ್ನು ಸ್ವಲ್ಪ ಆಚೀಚೆ ಇಟ್ಟರೂ ತಪ್ಪು ತೋರಿಸುತ್ತವೆ. ಆ ಮಾದರಿಯನ್ನು ವೈದ್ಯಕೀಯವಾಗಿ ಪರೀಕ್ಷಿಸಿ ದೃಢೀಕರಿಸಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಅದಕ್ಕಿಂತಲೂ ಮುಖ್ಯವಾದದ್ದು ಪಟ್ಟಿಯ ಗಾತ್ರ. ಹೊಲಿಗೆ ಟೇಪಿನಿಂದ ಮೇಲ್ತೋಳಿನ ನಡುಭಾಗದ ಸುತ್ತಳತೆ ತೆಗೆದು, ಪಟ್ಟಿಯ ಮೇಲೆ ಮುದ್ರಿಸಿರುವ ಸೆಂಟಿಮೀಟರ್ ಮಿತಿಯೊಳಗೆ ಅದು ಬರುತ್ತದೆಯೇ ಎಂದು ಹೋಲಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ಮತ್ತು ಅಂಥವರು ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವ ಸಾಧ್ಯತೆಯಿರುತ್ತದೆ.

ಅಳೆಯುವುದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಸಿಗರೇಟು, ವ್ಯಾಯಾಮ ಇವು ಬೇಡ. ಮೂತ್ರಕ್ಕೆ ಹೋಗಿಬಂದು ಕುಳಿತುಕೊಳ್ಳಿ, ಏಕೆಂದರೆ ತುಂಬಿದ ಮೂತ್ರಕೋಶವೇ ಒತ್ತಡವನ್ನು ಏರಿಸುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಎರಡೂ ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಈ ಐದು ನಿಮಿಷವನ್ನು ಮೊಬೈಲ್ ನೋಡುತ್ತ ಕಳೆದರೆ ಅದು ವಿಶ್ರಾಂತಿಯಾಗುವುದಿಲ್ಲ. ತೋಳನ್ನು ಮೇಜಿನ ಮೇಲೆ ಸಡಿಲವಾಗಿ ಚಾಚಿ ಪಟ್ಟಿಯ ನಡುಭಾಗ ಎದೆಯ ಮಟ್ಟಕ್ಕೆ ಬರುವಂತೆ ಇಟ್ಟುಕೊಳ್ಳಿ. ಮೇಜು ತಗ್ಗಾಗಿದ್ದರೆ ಕೈಯ ಕೆಳಗೊಂದು ದಿಂಬಿಡಬಹುದು: ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟು ಎತ್ತರದ ರಕ್ತದ ಭಾರವೇ ಸುಮಾರು 7-8 ಅಂಕಿಗಳನ್ನು ಸೇರಿಸಿಬಿಡುತ್ತದೆ.

ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಬೇಕು. ನಾನು ಉಪಕರಣ ತಂದ ಮೊದಲ ತಿಂಗಳು ತುಂಬುತೋಳಿನ ಅಂಗಿಯನ್ನು ಭುಜದವರೆಗೆ ಬಿಗಿಯಾಗಿ ಮಡಚಿ, ಆ ಮಡಿಕೆಯ ಕೆಳಗೆ ಪಟ್ಟಿ ಕಟ್ಟಿ ಅಳೆದುಕೊಳ್ಳುತ್ತಿದ್ದೆ. ಹಾಗೆ ಮಡಚಿದ ತೋಳು ತಾನೇ ಇನ್ನೊಂದು ಪಟ್ಟಿಯಂತೆ ಕೈಯನ್ನು ಹಿಸುಕುತ್ತಿತ್ತು ಎಂಬುದು ಹೊಳೆಯಲು ಬಹಳ ದಿನ ಬೇಕಾಯಿತು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಸುಮಾರು ಎರಡು ಬೆರಳಿನಷ್ಟು ಮೇಲಿರಬೇಕು. ಕೊಳವೆಯ ಗುರುತು ಮೊಣಕೈಯ ಒಳಬದಿಗೆ ಬರಬೇಕು. ಪಟ್ಟಿಯೊಳಗೆ ಒಂದೆರಡು ಬೆರಳು ತೂರುವಷ್ಟು ಸಡಿಲವಿರಬೇಕು. ಉಪಕರಣ ಓಡುತ್ತಿರುವಾಗ ಮಾತು ಬೇಡ. ಪಕ್ಕದವರು ಏನಾದರೂ ಕೇಳಿ ಒಂದು ವಾಕ್ಯದ ಉತ್ತರ ಕೊಟ್ಟರೂ ಅಂಕಿ ಏರುತ್ತದೆ.

ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆದುಕೊಳ್ಳಿ. ಮೊದಲನೆಯದೇ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಮೊಟ್ಟಮೊದಲ ಸಲ ಎರಡೂ ತೋಳುಗಳಲ್ಲಿ ಅಳೆದು ನೋಡಿ, ಹೆಚ್ಚು ಬರುವ ತೋಳನ್ನೇ ಮುಂದೆಯೂ ಬಳಸಬೇಕು. ಎರಡರ ನಡುವೆ ಪ್ರತಿ ಸಲವೂ 10-15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ವೈದ್ಯರಿಗೆ ತಿಳಿಸಿ; ಒಂದು ಕಡೆಯ ರಕ್ತನಾಳ ಕಿರಿದಾಗಿರುವ ಸೂಚನೆ ಅದಾಗಿರಬಹುದು. ಹೃದಯದ ಬಡಿತ ಏರುಪೇರಾಗಿರುವವರಲ್ಲಿ ಈ ಉಪಕರಣಗಳು ಅಷ್ಟಾಗಿ ನಂಬಲರ್ಹವಲ್ಲ.

ಮೂರನೆಯ ಹೆಜ್ಜೆ: ಏಳು ದಿನದ ಲೆಕ್ಕ

ಹೊಸದಾಗಿ ಪತ್ತೆಯಾದಾಗ, ಔಷಧ ಬದಲಾದಾಗ, ಅಥವಾ ವೈದ್ಯರ ಭೇಟಿಗೆ ಮುನ್ನ ಏಳು ದಿನ ಸಾಲಾಗಿ ಅಳೆಯಿರಿ: ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮೊದಲು ಎರಡು ಸಲ, ಸಂಜೆ ಎರಡು ಸಲ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದ ಆರು ದಿನದ ಇಪ್ಪತ್ನಾಲ್ಕು ಅಂಕಿಗಳ ಸರಾಸರಿ ತೆಗೆಯುವುದು ಸಾಮಾನ್ಯ ಕ್ರಮ. ಅಂಕಿಗಳನ್ನು ಬರೆದಿಡುವ ಪುಸ್ತಕದ ಒಂದು ಪುಟ ಹೀಗಿರಬಹುದು: ಮೂರನೆಯ ದಿನ, ಬೆಳಿಗ್ಗೆ 6.40ಕ್ಕೆ 146/90 ಮತ್ತು 142/88, ಸಂಜೆ 7.15ಕ್ಕೆ 138/86 ಮತ್ತು 134/84, ಪಕ್ಕದಲ್ಲಿ "ರಾತ್ರಿ ನಿದ್ದೆ ಸರಿಯಾಗಿಲ್ಲ" ಎಂಬ ಟಿಪ್ಪಣಿ. ಆ ದಿನದ ಸರಾಸರಿ 140/87 ಆಯಿತು. ಸಂಜೆಯ ಕೊನೆಯ ಅಂಕಿಯನ್ನಷ್ಟೇ ನೋಡಿದವರು ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ, ಬೆಳಗಿನದನ್ನಷ್ಟೇ ನೋಡಿದವರು ಕಳವಳಪಡುತ್ತಾರೆ. ನಾಲ್ಕನ್ನೂ ಕೂಡಿಸಿ ಭಾಗಿಸಿದವರಿಗೆ ಮಾತ್ರ 135/85ರ ಗೆರೆಯಿಂದ ತಾವು ಎಷ್ಟು ಮೇಲಿದ್ದೇವೆಂಬುದು ತಿಳಿಯುತ್ತದೆ. ಅಂಕಿ ಚೆನ್ನಾಗಿ ಬರುವವರೆಗೆ ಮತ್ತೆ ಮತ್ತೆ ಅಳೆದು ಕೊನೆಯದನ್ನಷ್ಟೇ ಬರೆದುಕೊಳ್ಳುವ ಚಪಲ ಎಲ್ಲರಿಗೂ ಇರುತ್ತದೆ, ಆದರೆ ಹಾಗೆ ಬರೆದ ಪುಸ್ತಕ ವೈದ್ಯರ ಕೆಲಸಕ್ಕೆ ಬಾರದು.

ಆರಂಭದ ಪ್ರಶ್ನೆಗೂ ಈ ಪುಸ್ತಕದಲ್ಲಿಯೇ ಉತ್ತರವಿದೆ. ಚಿಕಿತ್ಸಾಲಯದಲ್ಲಿ ಮಾತ್ರ ಏರಿ ಮನೆಯ ಸರಾಸರಿ ಸಹಜವಾಗಿದ್ದರೆ ಅದನ್ನು ಬಿಳಿಕೋಟಿನ ರಕ್ತದೊತ್ತಡ ಎನ್ನುತ್ತಾರೆ. ಅದಕ್ಕೆ ಒಡನೆಯೇ ಮಾತ್ರೆ ಬೇಕಾಗದಿದ್ದರೂ ಮುಂದೆ ನಿಜವಾದ ತೊಂದರೆಯಾಗಿ ಬೆಳೆಯಬಹುದಾದ್ದರಿಂದ ಗಮನವಿರಬೇಕು. ಇದರ ತಿರುವುಮುರುವು ಹೆಚ್ಚು ಅಪಾಯಕಾರಿ: ವೈದ್ಯರ ಮುಂದೆ ಸಹಜ, ಮನೆಯಲ್ಲಿ ಮತ್ತು ಕೆಲಸದ ನಡುವೆ ಹೆಚ್ಚು. ಮನೆಯಲ್ಲಿ ಅಳೆಯದೆ ಹೋದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂದೇಹ ಉಳಿದರೆ ದಿನವಿಡೀ ದೇಹಕ್ಕೆ ಕಟ್ಟಿಕೊಂಡಿರುವ 24 ಗಂಟೆಗಳ ಉಪಕರಣದಿಂದ ನಿದ್ದೆಯ ಹೊತ್ತಿನ ಒತ್ತಡವನ್ನೂ ತಿಳಿಯಬಹುದು.

ನಾಲ್ಕನೆಯ ಹೆಜ್ಜೆ: ಕಾರಣವನ್ನೂ ಹಾನಿಯನ್ನೂ ಹುಡುಕುವುದು

ಹೆಚ್ಚಿನವರಲ್ಲಿ ಅಧಿಕ ರಕ್ತದೊತ್ತಡಕ್ಕೆ ಒಂದೇ ಕಾರಣವೆಂಬುದಿಲ್ಲ. ವಂಶ, ವಯಸ್ಸು, ಉಪ್ಪು, ತೂಕ, ಮೂತ್ರಪಿಂಡಗಳು ಸೋಡಿಯಂ ನಿಭಾಯಿಸುವ ರೀತಿ ಎಲ್ಲವೂ ಸೇರಿರುತ್ತವೆ. ಆದರೆ ಕೆಲವರಲ್ಲಿ ಅದರ ಹಿಂದೆ ಇನ್ನೊಂದು ಕಾಯಿಲೆಯಿರುತ್ತದೆ: ಮೂತ್ರಪಿಂಡದ ರೋಗ, ಮೂತ್ರಪಿಂಡಕ್ಕೆ ಹೋಗುವ ಅಪಧಮನಿಯ ಕಿರಿದಾಗುವಿಕೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟಿರೋನ್ ಎಂಬ ಹಾರ್ಮೋನು ಅತಿಯಾಗಿ ಸುರಿಯುವುದು, ಥೈರಾಯ್ಡ್ ತೊಂದರೆ, ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಸ್ಲೀಪ್ ಆಪ್ನಿಯಾ. ಮೂವತ್ತರೊಳಗೇ ಒತ್ತಡ ಏರಿದ್ದರೆ, ಹಠಾತ್ತನೆ ಹದಗೆಟ್ಟಿದ್ದರೆ, ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದಿದ್ದರೆ, ಅಥವಾ ರಕ್ತದಲ್ಲಿ ಪೊಟ್ಯಾಸಿಯಂ ತಗ್ಗಿದ್ದರೆ ಇವನ್ನು ಹುಡುಕಲೇಬೇಕು. ಜೋರಾಗಿ ಗೊರಕೆ ಹೊಡೆದು ಹಗಲಿಡೀ ತೂಕಡಿಸುವವರು ಆ ವಿಷಯವನ್ನು ನಾಚಿಕೆಯಿಂದ ಮುಚ್ಚಿಡಬಾರದು.

ಬೇರೆ ತೊಂದರೆಗೆಂದು ನುಂಗುವ ಔಷಧಗಳನ್ನೂ ವೈದ್ಯರ ಮುಂದೆ ಇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು, ಕಟ್ಟಿದ ಮೂಗು ತೆರೆಸುವ ಔಷಧಗಳು, ಸ್ಟೀರಾಯ್ಡ್‌ಗಳು, ಕೆಲವು ಗರ್ಭನಿರೋಧಕ ಮಾತ್ರೆಗಳು ಒತ್ತಡವನ್ನು ಏರಿಸಬಲ್ಲವು. ಮೊಣಕಾಲು ನೋವಿಗೆ ದಿನವೂ ನುಂಗುತ್ತಿದ್ದ ಮಾತ್ರೆಯನ್ನು ಬದಲಿಸಿದ ಮೇಲೆ, ಹೆಚ್ಚಿಸಬೇಕಿದ್ದ ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗದೆ ಹೋಗುವುದುಂಟು.

ಆರಂಭದ ತಪಾಸಣೆಯಲ್ಲಿ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಕೊಲೆಸ್ಟ್ರಾಲ್, ಜೊತೆಗೆ ಇಸಿಜಿ ಸೇರಿರುತ್ತವೆ. ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಪರೀಕ್ಷೆಯೂ ಬೇಕಾಗಬಹುದು. ದೇಹದ ಸಣ್ಣ ರಕ್ತನಾಳಗಳನ್ನು ಕೊಯ್ಯದೆ ಕಣ್ಣಾರೆ ನೋಡಲು ಸಿಗುವ ಜಾಗ ಅದು.

ಐದನೆಯ ಹೆಜ್ಜೆ: ಉಪ್ಪಿನಿಂದ ಆರಂಭಿಸಿ ದಿನಚರಿಯನ್ನು ತಿದ್ದುವುದು

ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಟ್ಟುಕೊಂಡು ರಕ್ತದ ಗಾತ್ರವನ್ನು ಹೆಚ್ಚಿಸುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2 ಗ್ರಾಂಗಿಂತ ಕಡಿಮೆ ಸೋಡಿಯಂ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಸಣ್ಣ ಚಮಚ ಮಟ್ಟವಾಗಿ ತುಂಬುವುದಕ್ಕಿಂತ ಕೊಂಚ ಕಡಿಮೆ, ಮತ್ತು ಅಡುಗೆಗೆ ಹಾಕುವುದು, ಮೇಲೆ ಉದುರಿಸುವುದು, ಪೊಟ್ಟಣದ ತಿನಿಸುಗಳಲ್ಲಿ ಅಡಗಿರುವುದು ಎಲ್ಲವೂ ಈ ಲೆಕ್ಕದೊಳಗೇ ಬರಬೇಕು. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆದಿರುವುದು ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂನಲ್ಲಿ 600 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದರಲ್ಲಿರುವ ಉಪ್ಪು ಒಂದೂವರೆ ಗ್ರಾಂ, ಅಂದರೆ ದಿನದ ಪಾಲಿನ ಶೇಕಡಾ 30. ಬಾಯಿಗೆ ಉಪ್ಪೆನಿಸದ ಬ್ರೆಡ್ಡು, ಸಾಸು, ಬಿಸ್ಕತ್ತುಗಳಲ್ಲಿಯೂ ಅದು ಸಾಕಷ್ಟಿರುತ್ತದೆ. ಒಮ್ಮೆಲೇ ಉಪ್ಪು ನಿಲ್ಲಿಸಿದವರು ವಾರದೊಳಗೆ ಹಳೆಯ ರುಚಿಗೆ ಮರಳುವುದೇ ಹೆಚ್ಚು. ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಬಣ್ಣದ ಉಪ್ಪು, ಕಲ್ಲುಪ್ಪು, ಸಮುದ್ರದ ಉಪ್ಪು ಯಾವುದಾದರೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಪೊಟ್ಯಾಸಿಯಂ ಬೆರೆತ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕರಲ್ಲೊಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ, ಹಾಗೂ ಪೊಟ್ಯಾಸಿಯಂ ಉಳಿಸಿಕೊಳ್ಳುವ ಮಾತ್ರೆ ನುಂಗುವವರಲ್ಲಿ ಇದೇ ಉಪ್ಪು ರಕ್ತದ ಪೊಟ್ಯಾಸಿಯಂ ಏರಿಸಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ವೈದ್ಯರನ್ನು ಕೇಳದೆ ಅದನ್ನು ಅಡುಗೆಮನೆಗೆ ತರಬಾರದು.

ಉಳಿದವುಗಳಲ್ಲಿ, ತೂಕ ಹೆಚ್ಚಿರುವವರು ಇಳಿಸುವ ಪ್ರತಿ ಕಿಲೋಗೆ ಮೇಲಿನ ಅಂಕಿ ಸುಮಾರು ಒಂದರಷ್ಟು ಇಳಿಯುತ್ತದೆಂದು ಲೆಕ್ಕ ಇಟ್ಟುಕೊಳ್ಳಬಹುದು. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕಾದ ನಡಿಗೆ, ಅಂದರೆ ಮಾತಾಡಲು ಸಾಧ್ಯವಾದರೂ ಹಾಡಲು ಆಗದಷ್ಟು ವೇಗದ ನಡಿಗೆ, ಐದರಿಂದ ಎಂಟು ಅಂಕಿ ಇಳಿಸಬಲ್ಲದು. ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ ಮತ್ತು ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥಗಳು ಹೆಚ್ಚಿರುವ ಡ್ಯಾಶ್ ಎಂಬ ಆಹಾರಕ್ರಮವೂ ಒತ್ತಡ ಇಳಿಸುತ್ತದೆಂದು 1997ರಲ್ಲಿಯೇ ಸಾಬೀತಾಗಿದೆ. ಮದ್ಯ ಕಡಿಮೆ ಮಾಡಿದಷ್ಟೂ ಒಳ್ಳೆಯದು. ತಂಬಾಕಿನ ವಿಷಯದಲ್ಲಿ ಮಾತ್ರ ಕಡಿಮೆ ಮಾಡುವ ಪ್ರಶ್ನೆಯೇ ಇಲ್ಲ, ಬಿಡಬೇಕು. ಒತ್ತಡದಿಂದ ಸವೆದ ರಕ್ತನಾಳಗಳನ್ನು ಅದು ಇನ್ನೊಂದು ಕಡೆಯಿಂದ ಹಾಳುಗೆಡಹುತ್ತದೆ.

ಆರನೆಯ ಹೆಜ್ಜೆ: ಮಾತ್ರೆಗಳನ್ನು ತಿಳಿದು ನುಂಗುವುದು

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ವರ್ಷಗಳ ಅಧಿಕ ರಕ್ತದೊತ್ತಡದ ನಂತರ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ, ಜಗತ್ತಿನ ಅತ್ಯುತ್ತಮ ವೈದ್ಯರ ಬಳಿಯೂ ಅದಕ್ಕೊಂದು ಒಳ್ಳೆಯ ಮಾತ್ರೆಯಿರಲಿಲ್ಲ. ಇಂದು ಅಂಥ ಮಾತ್ರೆಗಳು ಹಲವಿವೆ, ಮತ್ತು ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಸಂಭವ ನಾಲ್ಕನೇ ಒಂದರಷ್ಟು ತಗ್ಗುತ್ತದೆ.

ಮೊದಲು ಬಳಸುವುದು ಸಾಮಾನ್ಯವಾಗಿ ಮೂರು ಗುಂಪುಗಳ ಔಷಧಗಳನ್ನು. ಆಮ್ಲೊಡಿಪಿನ್‌ನಂಥವು ರಕ್ತನಾಳದ ಸ್ನಾಯುಗಳನ್ನು ಸಡಿಲಿಸುತ್ತವೆ. ಕೆಲವರಿಗೆ ಕಾಲ್ಗಿಣ್ಣು ಊದಿಕೊಳ್ಳುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್ ಮತ್ತು ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳು ನಾಳಗಳನ್ನು ಬಿಗಿಯಾಗಿಸುವ ಆಂಜಿಯೊಟೆನ್ಸಿನ್‌ಗೆ ತಡೆಯೊಡ್ಡುತ್ತವೆ. ಮೊದಲ ಎರಡರಿಂದ ಒಣಕೆಮ್ಮು ಬರಬಹುದು. ಕೆಮ್ಮಿನ ಔಷಧ ಕುಡಿಯುತ್ತ ತಿಂಗಳುಗಳನ್ನು ಕಳೆಯುವ ಬದಲು ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸುತ್ತಾರೆ. ಕ್ಲೋರ್‌ಥಾಲಿಡೋನ್, ಇಂಡಪಮೈಡ್‌ನಂಥ ಮೂತ್ರವರ್ಧಕಗಳು ಸೋಡಿಯಂ ಮತ್ತು ನೀರನ್ನು ಹೊರಹಾಕುತ್ತವೆ. ಇವನ್ನು ಆರಂಭಿಸಿದ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂ ನೋಡಿಸಬೇಕು.

"ಒಂದು ಮಾತ್ರೆ ಇದ್ದದ್ದು ಎರಡಾಯಿತು, ಕಾಯಿಲೆ ಹೆಚ್ಚಾಯಿತೇನೋ" ಎಂದು ಕುಗ್ಗುವವರಿದ್ದಾರೆ. ಒಂದೇ ಮಾತ್ರೆಯ ಪ್ರಮಾಣವನ್ನು ಇಮ್ಮಡಿಸುವುದಕ್ಕಿಂತ ಬೇರೆ ಗುಂಪಿನ ಮತ್ತೊಂದನ್ನು ಅಲ್ಪಪ್ರಮಾಣದಲ್ಲಿ ಸೇರಿಸುವುದು ಒತ್ತಡವನ್ನು ಹೆಚ್ಚು ಇಳಿಸುತ್ತದೆ, ಅಡ್ಡಪರಿಣಾಮವೂ ಕಡಿಮೆ. ಹಾಗಾಗಿ ಎರಡು ಔಷಧ ಸೇರಿದ ಒಂದೇ ಮಾತ್ರೆಯಿಂದ ಆರಂಭಿಸುವ ಪದ್ಧತಿಯೂ ಬಂದಿದೆ. ಬೆಳಿಗ್ಗೆಯೋ ರಾತ್ರಿಯೋ ಎಂಬ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ಅನುಸರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ನುಂಗಲು ಯಾವ ಹೊತ್ತು ಅನುಕೂಲವೋ ಆ ಹೊತ್ತೇ ಸರಿ.

ಅಂಕಿ ಸಹಜಕ್ಕೆ ಬಂದಾಗ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಆ ಅಂಕಿ ಬಂದಿರುವುದು ಮಾತ್ರೆಯಿಂದಲೇ. ಹೃದಯದ ಬಡಿತವನ್ನು ನಿಧಾನಿಸುವ ಮೆಟೊಪ್ರೊಲೋಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳನ್ನೂ ಕ್ಲೊನಿಡಿನ್ ಎಂಬ ಬಿಪಿ ಮಾತ್ರೆಯನ್ನೂ ಥಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಜಿಗಿಯಬಹುದು, ಹೃದ್ರೋಗವಿರುವವರಿಗೆ ಎದೆನೋವು ಮರುಕಳಿಸಬಹುದು. ತೂಕ ಇಳಿದು ಅಂಕಿಗಳು ತಗ್ಗಿಯೇ ಬರುತ್ತಿದ್ದರೆ ವೈದ್ಯರೇ ಪ್ರಮಾಣ ಇಳಿಸುತ್ತಾರೆ. ವಾಂತಿಭೇದಿಯಾಗಿ ದೇಹದ ನೀರು ಹೋಗುತ್ತಿರುವ ದಿನಗಳಲ್ಲಿ ಮೂತ್ರವರ್ಧಕ ಮತ್ತು ರಾಮಿಪ್ರಿಲ್, ಟೆಲ್ಮಿಸಾರ್ಟನ್ ಬಗೆಯ ಮಾತ್ರೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಬಹುದು. ಹಾಗಾದಾಗ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಏಳನೆಯ ಹೆಜ್ಜೆ: ಧಾವಿಸಬೇಕಾದದ್ದು ಯಾವಾಗ, ಕಾಯಬೇಕಾದದ್ದು ಯಾವಾಗ

ಒತ್ತಡ 180/120 ದಾಟಿ ಅದರೊಂದಿಗೆ ಎದೆನೋವು, ಉಸಿರಾಟದ ತೊಂದರೆ, ಮುಖ ಓರೆಯಾಗುವುದು, ಒಂದು ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಗೊಂದಲ ಅಥವಾ ಸಹಿಸಲಾಗದ ತಲೆನೋವು ಇದ್ದರೆ ತಕ್ಷಣ ತುರ್ತುಚಿಕಿತ್ಸೆಗೆ ಹೋಗಬೇಕು. ಪಾರ್ಶ್ವವಾಯು ಅಥವಾ ಹೃದಯಾಘಾತದ ಲಕ್ಷಣ ಕಂಡಾಗ ಅಂಕಿ ಎಷ್ಟೇ ಇರಲಿ, ಅಳೆಯುತ್ತ ಕೂರುವುದೇ ತಪ್ಪು. ಯಾವ ಲಕ್ಷಣವೂ ಇಲ್ಲದೆ ಅಂಕಿ ಮಾತ್ರ ಅಷ್ಟಿದ್ದರೆ ಐದು ನಿಮಿಷ ಸುಮ್ಮನಿದ್ದು ಮತ್ತೆ ಅಳೆಯಿರಿ. ಆಗಲೂ ಹಾಗೆಯೇ ಇದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಮಾತ್ರೆಗಳನ್ನು ಒಂದರ ಮೇಲೊಂದು ನುಂಗುವುದು, ನಿಫೆಡಿಪಿನ್ ಗುಳಿಗೆಯನ್ನು ಒಡೆದು ನಾಲಿಗೆಯಡಿ ಹಾಕುವುದು ಬೇಡ. ಹಾಗೆ ಒಮ್ಮೆಲೇ ಒತ್ತಡ ಕುಸಿದಾಗ ಮೆದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತ ಸಂಭವಿಸಿದ್ದುಂಟು.

ಎಂಟನೆಯ ಹೆಜ್ಜೆ: ಗುರಿ ನಿಗದಿ ಮತ್ತು ಮುಂದಿನ ತಪಾಸಣೆಗಳು

ಸಾಮಾನ್ಯವಾಗಿ 140/90ಕ್ಕಿಂತ ಕೆಳಗೆ ತರುವುದು ಮೊದಲ ಗುರಿ. ಹೃದ್ರೋಗ, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆಯಿರುವವರಲ್ಲಿ, ತಡೆದುಕೊಳ್ಳುವಂತಿದ್ದರೆ, ಮೇಲಿನ ಅಂಕಿ 130ಕ್ಕಿಂತ ಕೆಳಗಿರಬೇಕು. ಇಳಿವಯಸ್ಸಿನವರು ಕುಳಿತಾಗಿನ ಅಂಕಿಯ ಜೊತೆಗೆ ಎದ್ದು ನಿಂತು ಒಂದು ಮತ್ತು ಮೂರು ನಿಮಿಷದಲ್ಲಿಯೂ ಅಳೆದುಕೊಳ್ಳಬೇಕು. ನಿಂತಾಗ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿಯುತ್ತಿದ್ದರೆ ಬೀಳುವ ಅಪಾಯವಿದೆ, ಮಾತ್ರೆಗಳನ್ನು ಮರುಪರಿಶೀಲಿಸಬೇಕು. ಗರ್ಭಿಣಿಯಾಗಲು ಬಯಸುವವರು ಮೊದಲೇ ತಿಳಿಸಬೇಕಾದ ವಿಷಯವೊಂದಿದೆ: ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳು ಭ್ರೂಣಕ್ಕೆ ಹಾನಿಕರ, ಬದಲಿಗೆ ಲಾಬೆಟಲೋಲ್, ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಅಥವಾ ಮಿಥೈಲ್‌ಡೋಪ ಕೊಡುತ್ತಾರೆ.

ಔಷಧ ಹೊಂದಿಕೊಳ್ಳುವವರೆಗೆ ತಿಂಗಳಿಗೊಮ್ಮೆ, ಹತೋಟಿಗೆ ಬಂದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಭೇಟಿ ಸಾಕಾಗಬಹುದು. ಹತೋಟಿಗೆ ಬಂದವರು ದಿನವೂ ಅಳೆಯಬೇಕಾಗಿಲ್ಲ. ವಾರಕ್ಕೆ ಒಂದೆರಡು ದಿನ ನೋಡಿಕೊಂಡು ಭೇಟಿಗೆ ಮುಂಚಿನ ವಾರ ಮಾತ್ರ ಏಳು ದಿನದ ಕ್ರಮಕ್ಕೆ ಮರಳಿದರಾಯಿತು. ಭೇಟಿಗೆ ಹೋಗುವಾಗ ಪುಸ್ತಕ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ವರ್ಷಕ್ಕೊಮ್ಮೆ ಉಪಕರಣವನ್ನೂ ಕೊಂಡೊಯ್ದು, ಅದೇ ತೋಳಿಗೆ, ಅದೇ ಕುರ್ಚಿಯಲ್ಲಿ, ಚಿಕಿತ್ಸಾಲಯದ ಉಪಕರಣದೊಂದಿಗೆ ಒಂದಾದ ಮೇಲೊಂದರಂತೆ ಅಳೆಸಿ ನೋಡಿ. ಎರಡರ ನಡುವೆ ಪ್ರತಿ ಸಲವೂ 5ಕ್ಕಿಂತ ಹೆಚ್ಚು ಅಂತರ ಬರುತ್ತಿದ್ದರೆ ಮೊದಲು ಬ್ಯಾಟರಿಯನ್ನೂ ಪಟ್ಟಿಯ ಕೊಳವೆಯಲ್ಲಿ ಗಾಳಿ ಸೋರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ, ಆಗಲೂ ಸರಿಹೋಗದಿದ್ದರೆ ಉಪಕರಣವನ್ನು ಬದಲಿಸಬೇಕು.